ಹಳದಿ ಚೀಟಿಯ ಇಲಿಗಳು

ಸೌದಾಮಿನಿ ಮದ್ದಿನ ಸೀಸೆಯನ್ನು ಬ್ಯಾಗಿಗೆ ಸೇರಿಸಿ ತಿರುಗಿದಳು. ಬಾಗಿಲಲ್ಲಿ ರತ್ನಾಕರ ನಿಂತಿದ್ದ. ಕಣ್ಣು ಸೇರಿದ್ದೇ ಅವನು ನೆಲ ನೋಡಿದ.

ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ. ಆದರೂ ಅವಳ ಕೈ ಹೆಗಲ ಮೇಲಿನ ಬ್ಯಾಗಿಗೆ ಹೋಯಿತು.

“ಮೇಡಂ, ಒಂದು ಮಾತು ಹೇಳ್ಲಿಕ್ಕಿತ್ತು.”

“ಬಂದ ಮೇಲೆ, ರತ್ನಾಕರ. ತಮ್ಮನಿಗೆ ಜ್ವರ ಜೋರುಂಟು. ಕೊಚ್ಚಿಗೆ ಹೊರಟಿದ್ದೇನೆ.”

“ಅಲ್ಲ, ಅದು...” ಎಂದವನು ಬಾಯಿ ಮುಚ್ಚಿಕೊಂಡ. ನೋಡಿಯೇಬಿಟ್ಟಿದ್ದಾನೆ ಎಂದುಕೊಂಡಳು ಅವಳು.

ಇಬ್ಬರೂ ಕಾಸರಗೋಡಿನವರು. ತಿರುವನಂತಪುರದ ಆ ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವವನು ಅವನು, ಮದ್ದು ಹುಡುಕುವವಳು ಅವಳು. 2007ರ ಆ ಮಳೆಗಾಲ ಕೇರಳದಲ್ಲಿ ಚಿಕುನ್‌ಗುನ್ಯಾ ಮನೆಮನೆಗೂ ಬಂದಿತ್ತು. ಸೊಳ್ಳೆ ತಂದ ಆ ವೈರಸ್ಸಿಗೆ ಮದ್ದೇ ಇರಲಿಲ್ಲ. ಸೋಂಕು ತಗಲಿಸಿದ ಇಲಿಗಳಲ್ಲಿ ಅರ್ಧಕ್ಕೆ ಅವಳು ತನ್ನ ಹೊಸ ಮದ್ದು ಕುಡಿಸಿದ್ದಳು, ಉಳಿದ ಅರ್ಧಕ್ಕೆ ಬರೀ ಉಪ್ಪುನೀರು. ಮದ್ದಿನವುಗಳ ಬೋನಿಗೆ ಹಳದಿ ಚೀಟಿ, ಉಪ್ಪುನೀರಿನವಕ್ಕೆ ಬಿಳಿ. ಬೇರೆ ಗುರುತಿಲ್ಲ. ಕುಡಿಸುವ ಕೆಲಸ ಮುಗಿದು, ನೋಡುವುದಷ್ಟೇ ಬಾಕಿಯಿತ್ತು.

ತಮ್ಮ ಅಭಿಜಿತ್ ಅದೇ ಜ್ವರದಿಂದ ಆಸ್ಪತ್ರೆ ಸೇರಿದ ಮೇಲೆ ಅವಳು ದೇವರಕೋಣೆಗೆ ಹೋದಂತೆ ಇಲಿಗಳ ಹತ್ತಿರ ಹೋಗುತ್ತಿದ್ದಳು. “ಹಳದಿಯವು ಸತ್ತರೆ ನನಗೆ ಗತಿಯಿಲ್ಲ” ಎಂದು ರತ್ನಾಕರನೆದುರೇ ಅತ್ತಿದ್ದೂ ಉಂಟು. ಇವತ್ತು ಬೆಳಿಗ್ಗೆ ನೋಡಿದರೆ ಬಿಳಿ ಚೀಟಿಯ ಬೋನುಗಳಲ್ಲಿ ಕೆಲವು ಸತ್ತಿದ್ದವು, ಕೆಲವು ಮುದುಡಿ ಬಿದ್ದಿದ್ದವು. ಹಳದಿಯವು ಕಾಳಿಗೆ ಕಚ್ಚಾಡುತ್ತಿದ್ದವು. ಮನುಷ್ಯರಿಗೆ ಕೊಡುವ ಮೊದಲು ವರ್ಷಗಟ್ಟಲೆ ಪರೀಕ್ಷೆ ಬೇಕೆಂದು ಊರಿಗೆಲ್ಲ ಪಾಠ ಹೇಳುವವಳೇ ಸೀಸೆ ಕದ್ದಳು.

ತಂಪಾನೂರು ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗಿನಿಂದ ರತ್ನಾಕರನ ಫೋನು ಬರುತ್ತಲೇ ಇತ್ತು. ಅವಳು ಎತ್ತಲಿಲ್ಲ. ದೂರು ಕೊಡುವ ಮುಂಚೆ ಊರವಳೆಂಬ ದಾಕ್ಷಿಣ್ಯಕ್ಕೆ ಹೇಳಲು ನೋಡುತ್ತಿದ್ದಾನೆ, ಪಾಪ. ಕೆಲಸ ಹೋದರೆ ಹೋಗಲಿ.

ಕೊಚ್ಚಿಯ ಆಸ್ಪತ್ರೆಯಲ್ಲಿ ಅಭಿಜಿತನಿಗೆ ಜ್ವರ ಮೆದುಳಿಗೇರಿತ್ತು. ಅಕ್ಕನ ಗುರುತು ಹಿಡಿಯಲು ಹೊತ್ತು ಬೇಕಾಯಿತು. “ಸಣ್ಣ ವಯಸ್ಸು, ತಾನೇ ಚೇತರಿಸಿಕೊಳ್ಳಲೂಬಹುದು, ಕಾಯೋಣ” ಎಂದರು ಡಾಕ್ಟರು. ಕಾಯುವ ಧೈರ್ಯ ಅವಳಿಗಿರಲಿಲ್ಲ. ನರ್ಸ್ ಆಚೆ ಹೋದದ್ದೇ ಸೀಸೆಯನ್ನು ಎಳನೀರಿಗೆ ಬಗ್ಗಿಸಿ ಅವನ ತುಟಿಗಿಟ್ಟಳು.

“ಕಹಿ ಉಂಟಕ್ಕ.”

“ಮದ್ದಲ್ವಾ ಅಭಿ, ಕುಡಿ.”

ಅಕ್ಕ ಕೊಟ್ಟದ್ದೆಂದು ಪೂರ್ತಿ ಕುಡಿದ. ಎಷ್ಟೋ ದಿನಗಳ ಮೇಲೆ ಅವಳ ಎದೆ ಹಗುರಾಯಿತು. ಮತ್ತೆ ಫೋನು ಬಂದಾಗ ಎತ್ತಿದಳು.

“ಬೈಯಿರಿ, ರತ್ನಾಕರ. ಕದ್ದದ್ದು ಹೌದು. ತಮ್ಮ ಉಳಿದರೆ ನನಗೆ ಅಷ್ಟು ಸಾಕು.”

“ಕದ್ದದ್ದಾ? ಎಂತ ಕದ್ದದ್ದು ಮೇಡಂ?”

ಅವನು ಏನನ್ನೂ ನೋಡಿರಲಿಲ್ಲ.

“ನಾನು ಹೇಳ್ಲಿಕ್ಕೆ ಬಂದದ್ದು ಬೇರೆ. ನಿನ್ನೆ ಹಳದಿಯವು ಸಾಯ್ಲಿಕ್ಕೆ ಶುರುವಾಯ್ತು. ನೀವು ಅಳೋದು ನೋಡ್ಲಿಕ್ಕಾಗದೆ ನಾನೇ ಚೀಟಿ ಅದಲುಬದಲು ಮಾಡಿದೆ ಮೇಡಂ. ಉಪ್ಪುನೀರಿನವು ಚೆಂದ ಉಂಟು. ಸತ್ತದ್ದೆಲ್ಲ ನಿಮ್ಮ ಮದ್ದು ಕುಡಿದವು.”