ಬೆಳಗಿನ ಟ್ಯೂಬ್‌ಲೈಟ್

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಗುತ್ತಲೇ ಸೊಸೆ ಟಪ್ಪನೆ ಟ್ಯೂಬ್‌ಲೈಟ್ ಹಾಕಿದಳು. ಕಿಟಕಿಯ ಪರದೆಗಳನ್ನು ಆಗಲೇ ಸರಿಸಿಟ್ಟಿದ್ದಳು. "ಬನ್ನಿ ಅತ್ತೆ, ಟೀ ಆಗಿದೆ." ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಅತ್ತೆ, ಕೈಚೀಲವನ್ನು ಮುಖಕ್ಕೆ ಅಡ್ಡ ಹಿಡಿದು, "ಆಮೇಲೆ ಕುಡೀತೀನಮ್ಮ" ಎನ್ನುತ್ತ ಕೋಣೆ ಸೇರಿ ಕದ ಹಾಕಿಕೊಂಡರು. ಮದುವೆಯಾಗಿ ಬಂದಾಗಿನಿಂದ ಸೊಸೆ ಆ 'ಆಮೇಲೆ'ಯನ್ನೇ ಕಾಯುತ್ತಿದ್ದಳು.

"ನಾನಂದ್ರೆ ನಿಮ್ಮಮ್ಮಂಗೆ ಆಗಲ್ಲ" ಎಂದು ಗಂಡನ ಮುಂದೆ ಕಣ್ಣು ತುಂಬಿಕೊಂಡಳು. ಅತ್ತೆ ಮನೆಯಲ್ಲಿ ಎಚ್ಚರವಾಗಿದ್ದು ಅವಳಿಗೆ ಸಿಗುತ್ತಿದ್ದುದು ಆ ಒಂದು ಗಳಿಗೆ ಮಾತ್ರ. ಅವಳು ಸಂಜೆ ಕೆಲಸದಿಂದ ಬರುವಷ್ಟರಲ್ಲಿ ಅವರು ಹೊರಟುಹೋಗಿರುತ್ತಿದ್ದರು.

"ಹಾಗೇನಿಲ್ವೇ, ಸುಮ್ನೆ ತಲೆ ಕೆಡಿಸ್ಕೋತೀಯ" ಎಂದ ಗಂಡ. ಅವಳು ಕೇಳಲಿಲ್ಲ. ಮನೆ ಇನ್ನಷ್ಟು ಕಳೆಕಳೆಯಾಗಿರಲಿ ಎಂದು ಮರುದಿನ ಅಡುಗೆಮನೆಗೂ ಒಂದು ಟ್ಯೂಬ್‌ಲೈಟ್ ಹಾಕಿಸಿದಳು. ಅದರ ಮಾರನೆಯ ಬೆಳಿಗ್ಗೆ ಅತ್ತೆ ಟೀ ಮಾತೂ ಎತ್ತದೆ ಕೋಣೆ ಸೇರಿದರು.

ಇಷ್ಟಕ್ಕೂ ಈ ಸೊಸೆಯ ಕೆಲಸವೇನು ಗೊತ್ತೇ? ಪ್ರಯೋಗಾಲಯದಲ್ಲಿ ಹಣ್ಣಿನ ನೊಣದ ಮರಿಹುಳುಗಳನ್ನು ತಟ್ಟೆಗೆ ಬಿಟ್ಟು, ಅರ್ಧ ತಟ್ಟೆಗೆ ಬೆಳಕು ಕೊಟ್ಟು, ಅವು ಎತ್ತ ಹೋದವು ಎಂದು ಎಣಿಸುವುದು. ಬೆಳಿಗ್ಗೆಯಾದರೆ ಕಾಲಿಲ್ಲದ ಆ ಜೀವಗಳು ಎದ್ದೆವೋ ಬಿದ್ದೆವೋ ಎಂದು ಕತ್ತಲೆಗೆ ಓಡುತ್ತಿದ್ದವು. ಸಂಜೆ ಅದೇ ದೀಪದಡಿ ಕ್ಯಾರೇ ಅನ್ನದೆ ಹೊರಳಾಡಿಕೊಂಡಿರುತ್ತಿದ್ದವು. "ಹುಳಾನೂ ಅದೇ, ದೀಪಾನೂ ಅದೇ. ಮೈಯೊಳಗಿನ ಗಡಿಯಾರ ತೋರಿಸೋ ಹೊತ್ತು ಬೇರೆ, ಅಷ್ಟೇ" ಎಂದು ಸಿಕ್ಕಸಿಕ್ಕವರಿಗೆಲ್ಲ ಬಿಡಿಸಿ ಹೇಳುತ್ತಿದ್ದಳು.

ಒಂದು ಸಂಜೆ ಪ್ರಯೋಗಾಲಯದಲ್ಲಿ ಕರೆಂಟು ಕೈಕೊಟ್ಟಿತು. ಸೊಸೆ ಬೇಗ ಮನೆಗೆ ಬಂದಳು. ನೋಡಿದರೆ ಅದೇ ಟ್ಯೂಬ್‌ಲೈಟಿನ ಕೆಳಗೆ ಕನ್ನಡಿ ಹಿಡಿದು, ಏನೋ ಗುನುಗುತ್ತ ಅತ್ತೆ ತಲೆ ಬಾಚಿಕೊಳ್ಳುತ್ತಿದ್ದಾರೆ! "ಬಾಮ್ಮ, ಬಾ! ನೀನು ಕೈಗೇ ಸಿಗಲ್ವಲ್ಲ" ಎಂದು ಮುಖವರಳಿಸಿದರು. ಅಷ್ಟರಲ್ಲಿ ಆಸ್ಪತ್ರೆಯ ವ್ಯಾನು ಹಾರ್ನ್ ಹೊಡೆಯಿತು. ಅವರು ಬಾಚಣಿಗೆ ಬಿಸುಟು ಓಡಿದರು.

ಸೊಸೆ ತಲೆಯೆತ್ತಿ ಟ್ಯೂಬ್‌ಲೈಟನ್ನೇ ನೋಡುತ್ತ ನಿಂತಳು. ಆಮೇಲೆ ಹಣೆ ಹಣೆ ಚಚ್ಚಿಕೊಂಡಳು. ನಗುವೂ ಬಂತು. ಅತ್ತೆಯನ್ನು ಹುಳುವಿಗೆ ಹೋಲಿಸಿದ್ದನ್ನು ಮಾತ್ರ ಸತ್ತರೂ ಬಾಯಿಬಿಡಬಾರದು ಎಂದುಕೊಂಡು ಅಂಗಡಿಗೆ ಹೋದಳು. ಮರಿಹುಳುಗಳಿಗೆ ಕೆಂಪು ಬೆಳಕು ಕಾಣದೆಂದು ಪ್ರಯೋಗಾಲಯದಲ್ಲಿ ಉರಿಸುವ ಕೆಂಪು ಬಲ್ಬಿನಂಥದ್ದೇ ಒಂದನ್ನು ಕೊಂಡು ತಂದಳು.

ಮರುದಿನ ಬೆಳಿಗ್ಗೆ ಅತ್ತೆ ಕೈಚೀಲವನ್ನು ಮುಖಕ್ಕೆ ಅಡ್ಡ ಎತ್ತಿಕೊಂಡೇ ಒಳಗೆ ಬಂದರು. ಪರದೆಗಳು ಮುಚ್ಚಿದ್ದವು. ಮೂಲೆಯಲ್ಲಿ ಕೆಂಪು ಬಲ್ಬೊಂದು ಮಂಕಾಗಿ ಉರಿಯುತ್ತಿತ್ತು. ಚೀಲ ಮೆಲ್ಲಗೆ ಕೆಳಗಿಳಿಯಿತು. ಅತ್ತೆ ಕುರ್ಚಿ ಎಳೆದು ಕೂತರು.

"ಇದೇನೇ, ಮನೇಲಿ ಫೋಟೊ ತೊಳೀತಿದೀಯಾ?" ಎಂದ ಗಂಡ, ಕಣ್ಣುಜ್ಜಿಕೊಳ್ಳುತ್ತ.

"ನೀನು ಸುಮ್ನಿರೋ" ಎಂದರು ಅತ್ತೆ. ಸೊಸೆಯ ಕಡೆ ತಿರುಗಿ, "ಎಲ್ಲಾ ದೀಪ ಹಾಕ್ಕೊಂಡು ನಿಂತಿರ್ತಿದ್ದೆಯಲ್ಲಮ್ಮ, ನನಗೇ ಆಪರೇಷನ್ ಮಾಡ್ತೀಯೇನೋ ಅನ್ಸೋದು. ಹೊಸ ಹುಡುಗಿ, ಆಸೆಯಿಂದ ಹಾಕಿದಾಳೆ, ಬೇಡ ಅನ್ನೋದು ಹೇಗೆ ಅಂತ ಬಾಯಿ ಮುಚ್ಕೊಂಡಿದ್ದೆ" ಎಂದರು.

ಸೊಸೆ ನಕ್ಕಳು. ಎಷ್ಟೋ ದಿನದ ಭಾರ ಇಳಿದಂತಾಗಿತ್ತು. ಅತ್ತೆ ಟೀ ಲೋಟ ಹಿಡಿದುಕೊಂಡೇ ಅವಳ ಮುಖ ದಿಟ್ಟಿಸಿದರು.

"ನಕ್ಕರೆ ನಿನ್ನ ಕೆನ್ನೇಲಿ ಗುಳಿ ಬೀಳುತ್ತಾ?"

"ಹುಟ್ಟಿದಾಗಿಂದ ಇದೆ ಅತ್ತೆ!"

"ನಾನೆಲ್ಲಿ ಕಂಡೆ?" ಎಂದರು ಅತ್ತೆ. "ನಿನ್ನ ತಲೆ ಮೇಲಿನ ಟ್ಯೂಬ್‌ಲೈಟೇ ಕಾಣ್ತಿತ್ತು."