ಹನ್ನೊಂದಕ್ಕೆ ಹನ್ನೊಂದು

ಸೀಳಿದ ಕಾಫಿ ಗಿಡದ ಬೊಡ್ಡೆಯೊಳಗೆ ಹುಳ ಇರಲಿಲ್ಲ. ಅದನ್ನು ನೋಡಿ ತೋಟದ ಸಾಹುಕಾರ ಶಾಂತಮಲ್ಲಪ್ಪನವರು ಹಾಕಿದ ಕೂಗು ವನಗೂರಿನ ಗುಡ್ಡ ಇಳಿದು, ಮಾರನಹಳ್ಳಿ ದಾಟಿ, ಘಾಟಿ ಹತ್ತುತ್ತಿದ್ದ ಎರಡು ಲಾರಿಗಳನ್ನು ನಿಲ್ಲಿಸಿತು. ನಂಬದವರು ಡ್ರೈವರುಗಳನ್ನು ಹುಡುಕಿ ಕೇಳಬಹುದು. ನಾನು ಆ ತೋಟದ ರೈಟರ್, ಆಳುಗಳ ಹಾಜರಿ ಬರೆಯುವವನು. ಸುಳ್ಳು ಬರೆದು ಅಭ್ಯಾಸವಿಲ್ಲ.

“ನೋಡು ಬೆಟ್ಟಮ್ಮ, ಕಣ್ಬಿಟ್ಟು ನೋಡು! ಒಳಗೆ ಹಾಲಿನಂಗೆ ಬೆಳ್ಳಗೈತೆ. ಎಂಟು ವರ್ಷದ ಗಿಡ, ಬಂಗಾರದಂಥ ಗಿಡ ಕೀಳಿಸ್ಬುಟ್ಯಲ್ಲ!”

ಬೆಟ್ಟಮ್ಮ ಗಿಡ ನೋಡುವವಳು. ಕಾಂಡಕೊರಕ ಹುಳ ಬೊಡ್ಡೆಯೊಳಗೆ ಸೇರಿಕೊಂಡರೆ ಹೊರಗಿನವರಿಗೆ ಕಾಣುವುದಿಲ್ಲ. ತೊಗಟೆ ಒಂಚೂರು ಉಬ್ಬುತ್ತದೆ, ಎಲೆ ಒಂಚೂರು ಹಳದಿಯಾಗುತ್ತದೆ, ಅಷ್ಟೇ. ಆಕೆ ಬೊಡ್ಡೆಯ ಮೇಲೆ ಅಂಗೈ ಆಡಿಸಿ, ಅನುಮಾನ ಬಂದ ಗಿಡಕ್ಕೆ ಸುಣ್ಣದ ಬೊಟ್ಟಿಟ್ಟರೆ ಆಳುಗಳು ಅದನ್ನು ಕಿತ್ತು, ಸೀಳಿ, ಸುಡುತ್ತಿದ್ದರು. ಹಾಗೆ ಮಾಡದಿದ್ದರೆ ಏಪ್ರಿಲ್ ಮಳೆ ಬಿದ್ದೊಡನೆ ಹುಳ ದುಂಬಿಯಾಗಿ ಹೊರಗೆ ಹಾರಿ, ಸುತ್ತಲಿನ ಗಿಡಗಳಿಗೆಲ್ಲ ಮೊಟ್ಟೆಯಿಡುತ್ತದೆ. ಎರಡು ವರ್ಷದಲ್ಲಿ ತೋಟವೇ ಸೌದೆ. ಅದು ಎರಡು ಸಾವಿರದ ಮೂರರ ಮಾರ್ಚ್ ಕೊನೆ, ಇನ್ನು ಹದಿನೈದು ದಿನ ಸಿಕ್ಕರೆ ಹೆಚ್ಚು. ಇಪ್ಪತ್ತೆರಡು ವರ್ಷದಲ್ಲಿ ಬೆಟ್ಟಮ್ಮ ಕೈಯಾಡಿಸಿದ ಗಿಡಗಳನ್ನು ಸಾಲಾಗಿ ನಿಲ್ಲಿಸಿದರೆ ಅವುಗಳ ನೆರಳಲ್ಲೇ ದೆಹಲಿಗೆ ನಡೆದು ಹೋಗಿ ಬರಬಹುದು. ಆ ದಿನ ಮೂವತ್ತು ಗಿಡ ಕಿತ್ತಿದ್ದೆವು. ಹುಳ ಸಿಗದೆ ಹೋದದ್ದು ಇದು ನಾಲ್ಕನೆಯದು.

ಸಾಹುಕಾರರ ಮಗಳು ಮಾನಸಾ ಕಣದ ಕಟ್ಟೆಯ ಮೇಲೆ ನೋಟ್ಸ್ ಹರಡಿಕೊಂಡು ಕೂತಿದ್ದಳು. ಹಾಸನದಲ್ಲಿ ಬಿಕಾಂ ಓದುತ್ತಿದ್ದಳು. ಸೋಮವಾರ ಸ್ಟ್ಯಾಟಿಸ್ಟಿಕ್ಸ್ ಪರೀಕ್ಷೆ. ಹೈಪಾಥಿಸಿಸ್ ಟೆಸ್ಟಿಂಗ್ ಎಂಬ ಒಂದು ಪಾಠವನ್ನು ಬೆಳಿಗ್ಗೆಯಿಂದ ಎಷ್ಟು ಗಟ್ಟಿಯಾಗಿ ಓದಿದ್ದಳೆಂದರೆ, ಕಣದ ನಾಯಿ ಪರೀಕ್ಷೆಗೆ ಕೂತಿದ್ದರೂ ಪಾಸಾಗುತ್ತಿತ್ತು.

“ಅಪ್ಪಾಜಿ, ಇದೇ ಟೈಪ್ ಒನ್ ಎರರ್!” ಎಂದು ಹಾಳೆ ಹಿಡಿದುಕೊಂಡೇ ಓಡಿ ಬಂದಳು. “ಮೊದಲು ಗಿಡ ಚೆನ್ನಾಗಿದೆ ಅಂತಲೇ ಇಟ್ಕೋಬೇಕು. ಅದಕ್ಕೆ ನಲ್ ಹೈಪಾಥಿಸಿಸ್ ಅಂತಾರೆ. ಸಾಕಷ್ಟು ಸಾಕ್ಷಿ ಸಿಕ್ಕಿದ್ರೆ ಮಾತ್ರ ಅದನ್ನ ತಳ್ಳಿಹಾಕಬೇಕು. ಚೆನ್ನಾಗಿರೋದನ್ನ ಕೆಟ್ಟಿದೆ ಅಂತ ತಳ್ಳಿಹಾಕಿದ್ರೆ ಅದು ಮೊದಲನೇ ತಪ್ಪು.”

“ಆ ತಪ್ಪು ಆಗದಂಗೆ ಏನ್ ಮಾಡ್ಬೇಕಂತೆ?”

“ಇನ್ನೂ ಗಟ್ಟಿ ಸಾಕ್ಷಿ ಕೇಳಬೇಕು.”

“ಕೇಳಿದ್ಯಾ ಬೆಟ್ಟಮ್ಮ? ಪುಸ್ತಕದಲ್ಲೇ ಐತೆ. ನಾಳೆಯಿಂದ ಹುಳ ಇಲ್ದಿರೋ ಗಿಡ ಒಂದೇ ಒಂದು ಕೀಳಿಸಿದ್ರೂ ನೀನು ಕಳೆ ತೆಗೆಯೋಕೆ ಹೋಗು. ಗಿಡ ನೋಡೋಕೆ ಬೇರೆಯವರನ್ನ ಕರಸ್ತೀನಿ.”

ಬೆಟ್ಟಮ್ಮ ಬೆರಳಿಗಂಟಿದ್ದ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು. “ಮೊದಲ್ನೇದು ಅಂದ್ಯಲ್ಲ ಮಾನಸವ್ವ, ಹಂಗಾದ್ರೆ ಎರಡನೇದೂ ಒಂದೈತಾ?”

“ಇದೆ ಬೆಟ್ಟಮ್ಮ. ಆದ್ರೆ ಹೋದ ವರ್ಷ ಅದನ್ನ ಕೇಳ್ಬಿಟ್ಟಿದ್ರು, ಈ ವರ್ಷ ಬರಲ್ಲ. ನಾನು ಓದಿಲ್ಲ.”

ಈ ಶಾಸ್ತ್ರದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ. ಅಂದು ನನ್ನನ್ನು ಯಾರೂ ಕೇಳಲಿಲ್ಲ, ಹಾಗಾಗಿ ಹೇಳಲಿಲ್ಲ.

ಮಾರನೆಯ ದಿನ ತೋಟದ ಪಕ್ಕದ ತುಂಡು, ನಾವು ಪಟ್ಟಿ ಅನ್ನುತ್ತೇವೆ. ಅಷ್ಟೇ ಗಿಡ, ಅದೇ ನೆರಳು. ಬೆಟ್ಟಮ್ಮ ಒಂದೊಂದು ಬೊಡ್ಡೆಯ ಮುಂದೆ ಎಷ್ಟು ಹೊತ್ತು ಕೂತಳೆಂದರೆ ಅಷ್ಟರಲ್ಲಿ ನಾನು ಒಂದು ಮದುವೆ ಮುಗಿಸಿ ಬರಬಹುದಿತ್ತು. ಅಂಗೈ ಆಡಿಸುವಳು, ಮೂಸುವಳು, ಬೆರಳನ್ನು ಸುಣ್ಣಕ್ಕೆ ಅದ್ದುವಳು, ಮತ್ತೆ ಏನೋ ಯೋಚಿಸಿ ಬೆರಳು ಒರೆಸಿಕೊಂಡು ಮುಂದಿನ ಗಿಡಕ್ಕೆ ಹೋಗುವಳು. ಸಂಜೆ ನಾಲ್ಕಕ್ಕೆ ಬೊಟ್ಟು ಬಿದ್ದಿದ್ದು ಹನ್ನೊಂದೇ ಗಿಡಕ್ಕೆ.

ಶಾಂತಮಲ್ಲಪ್ಪನವರು ತಾವೇ ಕತ್ತಿ ಹಿಡಿದು ಸೀಳಿದರು. ಮೊದಲನೆಯದರಲ್ಲಿ ಹುಳ. ಎರಡನೆಯದರಲ್ಲಿ ಹುಳ. ಎಂಟನೆಯದರಲ್ಲಿದ್ದದ್ದು ನನ್ನ ಹೆಬ್ಬೆರಳಿನಷ್ಟಿತ್ತು. ಹಳೆಯ ಪರಿಚಯದವರಂತೆ ತಲೆಯೆತ್ತಿ ನನ್ನನ್ನು ನೋಡಿತು. ಹನ್ನೊಂದನೆಯದೂ ಮುಗಿದಾಗ ಸಾಹುಕಾರರು ಕತ್ತಿಯನ್ನು ನೆಲಕ್ಕೆ ನೆಟ್ಟು ನಿಂತರು.

“ಹನ್ನೊಂದಕ್ಕೆ ಹನ್ನೊಂದು! ಒಂದೂ ತಪ್ಪಿಲ್ಲ. ಹೇಳೋ ರೀತಿ ಹೇಳಿದ್ರೆ ಹೆಂಗೆ ಕೆಲಸ ಆಗ್ತದೆ ನೋಡು! ಮಾನಸಾ, ಬೆಟ್ಟಮ್ಮಂಗೆ ಒಂದ್ ಲೋಟ ಕಾಫಿ ತಾರವ್ವ.”

ಕಾಫಿ ಬಂತು. ಬೆಟ್ಟಮ್ಮ ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ.

“ನಿನ್ನೆ ಆ ಪಟ್ಟೀಲಿ ಇಪ್ಪತ್ತಾರು ಗಿಡದಲ್ಲಿ ಹುಳ ಸಿಕ್ತು ಸಾವ್ಕಾರ್ರೇ. ಇವತ್ತು ಪಕ್ಕದ ಪಟ್ಟೀಲಿ ಹನ್ನೊಂದೇ. ಮಿಕ್ಕಿದ್ ಹುಳ ಎಲ್ಲ ನಿಮ್ಗೆ ಹೆದರ್ಕೊಂಡು ಆಲೂರು ಬಸ್ ಹತ್ಬುಟ್ವಾ?”

ಸಾಹುಕಾರರು ಜೋರಾಗಿ ನಗಲು ಬಾಯಿ ತೆರೆದರು. ನಗು ಅರ್ಧಕ್ಕೇ ನಿಂತಿತು. ತಿರುಗಿ ಪಟ್ಟಿಯ ಕಡೆ ನೋಡಿದರು. ಗಿಡಗಳೆಲ್ಲ ಹಸಿರಾಗಿ, ಅಚ್ಚುಕಟ್ಟಾಗಿ, ಏನೂ ಗೊತ್ತಿಲ್ಲದವರಂತೆ ನಿಂತಿದ್ದವು.

“ಅನುಮಾನ ಬಂದಿದ್ರಲ್ಲಿ ಎಷ್ಟು ಬಿಟ್ಟಿದೀಯ?” ಎಂದು ಮೆಲ್ಲಗೆ ಕೇಳಿದರು.

“ಎಷ್ಟು ಬಿಟ್ರೆ ನನ್ ಕೆಲಸ ಉಳೀತದೋ, ಅಷ್ಟು.”