ಎಡಗೆನ್ನೆಯ ಬಲ

ಅಕ್ಕ ತಂಗಿ ಎದುರುಬದುರು ಕೂತು ಜಗಳವಾಡಬೇಕಿದ್ದ ದೃಶ್ಯ. ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ, ಬಸ್ಸಿನಲ್ಲಿ ಹಿಂದೊಬ್ಬಳು ಮುಂದೊಬ್ಬಳು ಕೂತವರಂತೆ ಗಾಳಿಯನ್ನು ಬೈಯುತ್ತಿದ್ದರು. ನಿರ್ದೇಶಕ "ಕಟ್" ಅಂದು ತಲೆನೋವಿನ ಗುಳಿಗೆ ನುಂಗಿದ.

ತಪ್ಪು ಕತೆಯದಲ್ಲ, ಕೆನ್ನೆಯದು. ಅಕ್ಕನಾಗಿದ್ದ ಅಡೇಲ್ ಥಾರ್ನ್ ಇಷ್ಟು ವರ್ಷ ಹಾಲಿವುಡ್ಡಿಗೆ ತೋರಿಸಿದ್ದು ಎಡಗೆನ್ನೆಯನ್ನು ಮಾತ್ರ. ಮೊದಲ ಚಿತ್ರದಲ್ಲಿ ಯಾವನೋ ಅವಳ ಬಲಗೆನ್ನೆಯನ್ನು ಬೇಯಿಸಿದ ಆಲೂಗಡ್ಡೆ ಎಂದಿದ್ದನಂತೆ. ಅಂದಿನಿಂದ ಅವಳ ಕರಾರಿನಲ್ಲೇ ಇತ್ತು: ಬಲಗೆನ್ನೆಗೆ ಕ್ಯಾಮೆರಾ ತಿರುಗಿಸಿದವನು ಅವತ್ತೇ ಮನೆಗೆ. ತಂಗಿಯಾಗಿದ್ದ ಲೋಯಿಸ್ ಫೆನ್‌ಗೆ ಬಲಗೆನ್ನೆಯ ಮೇಲೆ ಚಿಕ್ಕಂದಿನಲ್ಲಿ ನಾಯಿ ಕಚ್ಚಿದ ಗುರುತು. ಎದುರುಬದುರು ಕೂತರೆ ಒಬ್ಬಳ ಬಲ ಕಾಣಲೇಬೇಕು.

"ನನಗಾದ್ರೆ ನಾಯಿ ಕಚ್ಚಿದೆ. ಇವರಿಗೇನಂತೆ?" ಎಂದಳು ಲೋಯಿಸ್.

"ಆ ನಾಯಿ ಬದುಕಿದೆಯಾ ಮರಿ?" ಎಂದಳು ಅಡೇಲ್. "ಪಾಪ, ನಿನ್ನ ಕಚ್ಚಿ ಅದಕ್ಕೇನಾಯ್ತೋ!"

"ಎಲ್ಲರಿಗೂ ಎಡಾನೇ ಬೇಕು, ಅದಕ್ಕೇ ಈ ಎಡವಟ್ಟು," ಎಂದ ಛಾಯಾಗ್ರಾಹಕ ಗಸ್ ಲಿಂಡ್‌ಕ್ವಿಸ್ಟ್. ಸುಮ್ಮನಿರಲಾಗದೆ ಪೆನ್ಸಿಲನ್ನೇ ಚುರುಟಿನಂತೆ ಕಚ್ಚಿ, ಸ್ಟುಡಿಯೋ ಮಾಲೀಕರ ಮೂಗುದನಿ ತೆಗೆದ: "ನಾಳೆ ಮಧ್ಯಾಹ್ನದೊಳಗೆ ಆಗ್ಲಿಲ್ವಾ? ಅಕ್ಕನ್ನ ಸಾಯಿಸಿಬಿಡ್ರಯ್ಯಾ! ಸತ್ತಳು ಅಂತ ಟೆಲಿಗ್ರಾಂ ಬಂದ ಹಾಗೆ ತೋರಿಸಿದ್ರಾಯ್ತು!"

ಎಲ್ಲರೂ ಬಿದ್ದುಬಿದ್ದು ನಕ್ಕರು. ಅಡೇಲ್ ನಗಲಿಲ್ಲ. ಮಾಲೀಕರು ಬೆಳಿಗ್ಗೆ ಹೇಳಿದ್ದೂ ಅಕ್ಷರಶಃ ಅದನ್ನೇ. ಅವಳ ಬಣ್ಣ ಇಳಿದ ಮುಖ ನೋಡಿ ಗಸ್‌ನ ನಾಲಿಗೆ ಕಹಿಯಾಯಿತು. ಈ ಹೆಂಗಸನ್ನು ಒಂದು ಟೆಲಿಗ್ರಾಂನಲ್ಲಿ ಸಾಯಿಸುವುದೇ?

ಆ ಸಂಜೆ ಅವನು, "ಬರೀ ಬೆಳಕು ನೋಡ್ತೀನಿ ಮಿಸ್ ಥಾರ್ನ್, ಆ ಕಡೆ ಕುರ್ಚಿಯಲ್ಲಿ ಕೂತು ಮಾತು ಒಪ್ಪಿಸ್ತಿರಿ," ಎಂದ. ಅಡೇಲ್ ಕೂತಳು. ಲೋಯಿಸ್‌ಳ ಮೇಲಿನ ನಿಜವಾದ ಸಿಟ್ಟೂ ಸೇರಿ ಮಾತು ಕೆಂಡವಾಯಿತು. ಹೊದಿಕೆಯೊಳಗಿದ್ದ ಕ್ಯಾಮೆರಾ ಸದ್ದಿಲ್ಲದೆ ಅವಳ ಬಲಗೆನ್ನೆಯನ್ನು ನುಂಗುತ್ತಿತ್ತು.

ಮರುದಿನ ಬೆಳಿಗ್ಗೆ ಪ್ರದರ್ಶನದ ಕೋಣೆಯಲ್ಲಿ ಗಸ್ ರೀಲನ್ನು ಮಗುಚಿ ಹಾಕಿದ. ಪರದೆಯ ಮೇಲೆ ಬಲ ಎಡವಾಯಿತು. ಅಡೇಲ್ ತುಪ್ಪಳದ ಕೋಟಿನಲ್ಲಿ ಮುಂದಕ್ಕೆ ಬಾಗಿದಳು.

"ಎಡಗೆನ್ನೆ ಅಂದ್ರೆ ಇದು! ಲೋಯಿಸ್, ನೋಡಿ ಕಲಿತ್ಕೋ. ಆ ದವಡೆ ನೋಡು, ಆ ನೆರಳು ನೋಡು! ಗಸ್, ಇಷ್ಟು ಚೆನ್ನಾಗಿ ನೀನು ನನ್ನ ಯಾವತ್ತಾದ್ರೂ ಹಿಡಿದಿದ್ದೀಯಾ?"

"ಇಲ್ಲ ಮಿಸ್ ಥಾರ್ನ್, ದೇವರಾಣೆ," ಎಂದ ಗಸ್. ಅಷ್ಟು ಸತ್ಯವನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ. ಇನ್ನೇನು ಗುಟ್ಟು ಹೇಳಿ ಮುಗಿಸಬೇಕು, ಅಷ್ಟರಲ್ಲಿ ಅವಳ ಹುಬ್ಬು ಗಂಟಿಕ್ಕಿತು.

"ಅಲ್ಲಿ ನನ್ನ ಹಿಂದಿರೋ ಗೋಡೆ ಗಡಿಯಾರ ಯಾಕೆ ಹಿಂದಕ್ಕೆ ಓಡ್ತಿದೆ?"

ರೀಲು ಮಗುಚಿದರೆ ಗಡಿಯಾರವೂ ಮಗುಚುತ್ತದೆ ಎಂಬುದನ್ನು ಗಸ್ ಮರೆತೇಬಿಟ್ಟಿದ್ದ. "ಅದೂ... ನಿಮ್ಮ ವಯಸ್ಸಿನ ಜೊತೆ ಗೆಳೆತನ ಮಾಡಿದೆ ಅನ್ಸುತ್ತೆ."

ಯಾರೂ ನಗಲಿಲ್ಲ. ಅಡೇಲ್ ಎದ್ದು ನೇರ ಪರದೆಯ ಹತ್ತಿರ ಹೋದಳು. ತನ್ನದೇ ದೊಡ್ಡ ಮುಖದ ಪಕ್ಕ ನಿಂತು ಒಮ್ಮೆ ಗಡಿಯಾರ ನೋಡಿದಳು, ಒಮ್ಮೆ ದವಡೆ ನೋಡಿದಳು. ಆಮೇಲೆ ನಿಧಾನವಾಗಿ ಕೈಯೆತ್ತಿ ಬಲಗೆನ್ನೆಯನ್ನು ಮುಟ್ಟಿಕೊಂಡಳು. ಗಸ್ ಟೋಪಿ ಕೈಗೆ ತೆಗೆದುಕೊಂಡ. ಬಾಗಿಲು ಎಷ್ಟು ದೂರವಿದೆ ಎಂದೂ ನೋಡಿಕೊಂಡ.

ಅವಳ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡು ಲೋಯಿಸ್ ಓಡಿ ಹೋಗಿ ತೋಳು ಹಿಡಿದಳು.

ಅಡೇಲ್ ತಿರುಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಗು.

"ಟೋಪಿ ಹಾಕ್ಕೊಳ್ಳೋ ಕಳ್ಳ, ಎದುರುಬದುರು ಕುರ್ಚಿ ಹಾಕ್ಸು!" ಎಂದಳು. "ಇಷ್ಟು ವರ್ಷ ಪೂರ್ತಿ ಸಂಬಳ ತಗೊಂಡು ರಜೆ ಹೊಡೀತಿತ್ತು ಈ ಕೆನ್ನೆ. ಇವತ್ತಿಂದ ಕೆಲಸಕ್ಕೆ ಬರ್ಲಿ!"

ಕೋಣೆಯೆಲ್ಲ ಗೊಳ್ಳೆಂದಿತು. ಆದರೂ ಹೊರಗಿನ ಅಂಗಳದವರೆಗೆ ಕೇಳಿಸಿದ್ದು ಅಡೇಲ್ ಒಬ್ಬಳ ನಗು, ಎರಡೂ ಕೆನ್ನೆ ತುಂಬಿ ಬಂದದ್ದು.